‘ನೆಕ್ಸ್ಟ್’ ಅಂದರೆ ಯಾವ ನೆಕ್ಸ್ಟ್? ಚೆಕ್ ಭಾಷೆಯಲ್ಲಿ ಕ್ರಮ ಹೇಳುವ ಪದಗಳು

ಪ್ರಾಗ್ ಮೆಟ್ರೋದಲ್ಲಿ ಪ್ರತಿ ನಿಲ್ದಾಣದಲ್ಲೂ ಒಂದೇ ಧಾಟಿಯ ಘೋಷಣೆ ಕೇಳಿಸುತ್ತದೆ. ಹತ್ತುವುದು ಇಳಿಯುವುದು ಮುಗಿಸಿ, ಬಾಗಿಲು ಮುಚ್ಚುತ್ತಿದೆ ಎಂದು ಮೊದಲು ಹೇಳುತ್ತಾರೆ. ಆಮೇಲೆ ‘ಪ್ರ್ಶೀಶ್ತೀ ಸ್ತನಿತ್ಸೆ’ ಎಂದು ಮುಂದಿನ ನಿಲ್ದಾಣದ ಹೆಸರು ಬರುತ್ತದೆ. ಅದೇ ಊರಿನಲ್ಲಿ ಡಾಕ್ಟರ ಹತ್ತಿರ ಹೋಗಿ ಕೂತರೆ, ನರ್ಸ್ ಬಾಗಿಲು ತೆಗೆದು ‘ದಲ್ಶೀ, ಪ್ರೊಸೀಮ್’ ಎಂದು ಕರೆಯುತ್ತಾರೆ. ನಿಮ್ಮ ಪಕ್ಕದ ಮನೆ ‘ವೆದ್ಲೆಯ್ಶೀ ದೂಮ್’. ಸೋಮವಾರ ಬಂದ ನೆಂಟ ಮಂಗಳವಾರ ಹೊರಟರೆ ಆತ ಹೋದದ್ದು ‘ದ್ರುಹೀ ದೆನ್’. ಇಂಗ್ಲಿಷಿನಲ್ಲಿ ಈ ನಾಲ್ಕು ಜಾಗಕ್ಕೂ ‘ನೆಕ್ಸ್ಟ್’ ಒಂದೇ ಪದ. ಚೆಕ್‌ನಲ್ಲಿ ನಾಲ್ಕು ಬೇರೆ ಬೇರೆ ಪದ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಅರ್ಥವೇ ಬದಲಾಗುತ್ತದೆ, ಇಲ್ಲವೇ ಕೇಳಿದವರ ಕಿವಿಗೆ ಚುಚ್ಚುತ್ತದೆ.

ನೆಕ್ಸ್ಟ್, ಲಾಸ್ಟ್, ಫಸ್ಟ್, ದೆನ್, ಆಫ್ಟರ್, ಬಿಫೋರ್, ಆರ್ಡರ್, ಸೀಕ್ವೆನ್ಸ್. ನೋಡಲು ಪುಟ್ಟ ಪದಗಳು. ಚೆಕ್‌ಗೆ ಅನುವಾದ ಮಾಡುವಾಗ ಜಾಸ್ತಿ ಎಡವುವುದು ಇವುಗಳ ಹತ್ತಿರವೇ. ಓದಲು ಅಥವಾ ಕೆಲಸಕ್ಕೆ ಅಂತ ಪ್ರಾಗ್, ಬೃನೊ ಕಡೆ ಹೋಗಿ ಚೆಕ್ ಕಲಿಯುವ ಕನ್ನಡಿಗರು ಸಾಮಾನ್ಯವಾಗಿ ಇಂಗ್ಲಿಷ್ ಮೂಲಕವೇ ಕಲಿಯುತ್ತಾರೆ. ಪುಸ್ತಕ ಇಂಗ್ಲಿಷಿನದು, ನಿಘಂಟು ಇಂಗ್ಲಿಷಿನದು. ಉಳಿದ ವಿಷಯಗಳಲ್ಲಿ ಅದು ಸರಿ. ಕ್ರಮ ಹೇಳುವ ಪದಗಳ ವಿಷಯದಲ್ಲಿ ಮಾತ್ರ ಅದು ಸುತ್ತು ದಾರಿ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಇಂಗ್ಲಿಷ್ ಒಂದೇ ಪದದಲ್ಲಿ ಅಡಗಿಸಿದ ನಾಲ್ಕೈದು ಅರ್ಥಗಳಿಗೆ ಕನ್ನಡದಲ್ಲಿ ಆಗಲೇ ಬೇರೆ ಬೇರೆ ಮಾತುಗಳಿವೆ. ಚೆಕ್ ಕೂಡ ಹೆಚ್ಚುಕಡಿಮೆ ಅದೇ ಗೆರೆಗಳಲ್ಲಿ ಬೇರೆ ಮಾಡುತ್ತದೆ. ಹಾಗಾಗಿ ಇಂಗ್ಲಿಷ್ ವಾಕ್ಯವನ್ನು ಮೊದಲು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳಿ. ಯಾವ ಚೆಕ್ ಪದ ಬೇಕು ಅನ್ನುವುದು ಅಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ.

ಉಚ್ಚಾರದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಚೆಕ್ ಪದಗಳನ್ನು ಇಲ್ಲಿ ಆದಷ್ಟು ಕೇಳುವ ಹಾಗೆ ಬರೆದಿದ್ದೇನೆ. ‘ರ್ಝ’ ಎಂದು ಕಂಡಲ್ಲಿ ರ ಮತ್ತು ಝ ಎರಡನ್ನೂ ಒಟ್ಟಿಗೆ, ಒಂದೇ ಧ್ವನಿಯಾಗಿ ಹೇಳಬೇಕು. ಪ, ತ, ಕ ಪಕ್ಕದಲ್ಲಿ ಬಂದರೆ ಅದೇ ಧ್ವನಿ ‘ರ್ಶ’ದ ಹಾಗೆ ಕೇಳುತ್ತದೆ. ‘ಜ಼’ ಅಂದರೆ ಮೃಗಾಲಯಕ್ಕೆ ‘ಜ಼ೂ’ ಅನ್ನುತ್ತೇವಲ್ಲ, ಆ ಧ್ವನಿ. ‘ಪೃವ್ನೀ’ ಎಂದು ಬರೆದಲ್ಲಿ ಪ ಆದ ಮೇಲೆ ಅ, ಇ, ಉ ಯಾವುದೂ ಇಲ್ಲ, ರಕಾರವೇ ಸ್ವರದ ಕೆಲಸ ಮಾಡುತ್ತದೆ. ಋ ಅಕ್ಷರ ಮೊದಲು ಹುಟ್ಟಿದ್ದೇ ಇಂಥ ಧ್ವನಿಗಾಗಿ. ಬೃನೊ ನಗರದ ಹೆಸರೂ ಹಾಗೇ.

ಈಗ ನೆಕ್ಸ್ಟ್ ವಿಷಯ. ‘ಪ್ರ್ಶೀಶ್ತೀ’ ಹುಟ್ಟಿದ್ದು ‘ಬರುವುದು’ ಎಂಬ ಕ್ರಿಯಾಪದದಿಂದ. ಈಗಿನ ಕ್ಷಣದಿಂದ ನೋಡಿದರೆ ಮುಂದೆ ಬರಲಿರುವುದು ಅಂತ ಅರ್ಥ. ನಾವು ‘ಬರುವ ವಾರ’, ‘ಬರುವ ವರ್ಷ’ ಅನ್ನುತ್ತೇವಲ್ವಾ? ಹಾಗೆಯೇ ‘ಪ್ರ್ಶೀಶ್ತೀ ತೀದೆನ್’ ಬರುವ ವಾರ, ‘ಪ್ರ್ಶೀಶ್ತೀ ರೊಕ್’ ಬರುವ ವರ್ಷ. ಮೆಟ್ರೋ ನಿಲ್ದಾಣಕ್ಕೂ ಇದೇ ಪದ ಬಂದದ್ದು ಅದಕ್ಕೇ. ರೈಲಿನಲ್ಲಿ ಕೂತವರಿಗೆ ಆ ನಿಲ್ದಾಣ ಈಗ ಬರಲಿದೆ.

‘ದಲ್ಶೀ’ ಬಂದದ್ದು ‘ದೂರ’, ‘ಇನ್ನೂ ಮುಂದೆ’ ಎಂಬ ಅರ್ಥದ ಪದದಿಂದ. ಸಾಲಿನಲ್ಲಿ ಇದಾದ ಮೇಲೆ ಯಾವುದೋ ಅದು. ಗಡಿಯಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ಕ್ಲಿನಿಕ್‌ನಲ್ಲಿ ‘ಮುಂದಿನವರು ಬನ್ನಿ’ ಅನ್ನುವಾಗ, ಕಂಪ್ಯೂಟರ್ ಪರದೆಯಲ್ಲಿ ಮುಂದಿನ ಪುಟಕ್ಕೆ ಹೋಗುವ ಗುಂಡಿಯ ಮೇಲೆ, ‘ಇನ್ನೊಂದು ಸಮಸ್ಯೆ ಇದೆ’ ಎಂದು ಮಾತು ಮುಂದುವರಿಸುವಾಗ, ಎಲ್ಲ ಕಡೆ ದಲ್ಶೀ. ಗುಂಡಿಯ ಮೇಲೆ ‘ಪ್ರ್ಶೀಶ್ತೀ’ ಎಂದು ಬರೆದರೆ ಚೆಕ್ ಓದುಗರಿಗೆ ಅದು ತೀರಾ ವಿಚಿತ್ರವಾಗಿ ಕಾಣುತ್ತದೆ. ಆದರೆ ಒಂದು ಎಚ್ಚರಿಕೆ ಇದೆ. ಕನ್ನಡದ ‘ಇನ್ನೊಂದು’ ಎರಡು ಕಡೆ ಓಡುತ್ತದೆ. ಹೋಟೆಲಿನಲ್ಲಿ ‘ಇನ್ನೊಂದು ಕಾಫಿ’ ಅಂದರೆ ಇದೇ ಥರದ್ದು ಮತ್ತೊಂದು ಅಂತ. ಅದಕ್ಕೆ ‘ಯೆಶ್ತ್ಯೆ ಯೆದ್ನು ಕಾವು’ ಅನ್ನಬೇಕು. ‘ಇದು ಬೇಡ, ಇನ್ನೊಂದು ಕೊಡಿ’ ಅಂದರೆ ಬೇರೆಯದು ಅಂತ. ಅದಕ್ಕೆ ‘ಯಿನೀ’ ಎಂಬ ಬೇರೆ ಪದವೇ ಇದೆ.

‘ವೆದ್ಲೆಯ್ಶೀ’ ಸರಳ. ಪಕ್ಕದ್ದು. ನೆಕ್ಸ್ಟ್ ಜಾಗದಲ್ಲಿ ‘ಪಕ್ಕದ’ ಎಂದು ಹೇಳಲು ಬಂದರೆ ಈ ಪದ ಹಾಕಿ, ಯೋಚನೆ ಬೇಡ.

‘ದ್ರುಹೀ’ ಸ್ವಲ್ಪ ಕಷ್ಟ. ನಿಘಂಟು ನೋಡಿದರೆ ‘ಎರಡನೆಯ’ ಅಂತ ಇರುತ್ತದೆ. ನಿಜ, ಆದರೆ ಅದು ‘ಇನ್ನೊಂದು, ಆಚೆಯದು’ ಕೂಡ ಹೌದು. ನದಿಯ ಆಚೆ ದಡ ‘ದ್ರುಹೀ ಬ್ರ್ಝೆಹ್’. ‘ದ್ರುಹೀ ದೆನ್’ ಅಂದರೆ ಎರಡನೇ ದಿನ ಅಂತ ಪದಕ್ಕೆ ಪದ ಇಟ್ಟು ಓದಿದರೆ ಲೆಕ್ಕ ತಪ್ಪುವ ಸಾಧ್ಯತೆ ಇದೆ. ಸೋಮವಾರ ಕಥೆ ನಡೆದಿದ್ದರೆ ದ್ರುಹೀ ದೆನ್ ಮಂಗಳವಾರ. ನಮ್ಮ ‘ಮಾರನೇ ದಿನ’ ಇದಕ್ಕೆ ಸರಿಯಾಗಿ ಕೂರುತ್ತದೆ. ಹಿಂದೆ ನಡೆದ ಕಥೆಯಲ್ಲಿ ‘ಬರುವ ವಾರ ಅವನು ಊರಿಗೆ ಹೋದ’ ಎಂದು ನಾವು ಹೇಳುವುದಿಲ್ಲ. ‘ಮರುವಾರ ಹೋದ’ ಅನ್ನುತ್ತೇವೆ. ಚೆಕ್‌ನಲ್ಲೂ ಅಂಥ ಕಡೆ ಪ್ರ್ಶೀಶ್ತೀ ಹೊಂದುವುದಿಲ್ಲ. ದಿನಕ್ಕೆ ದ್ರುಹೀ, ವಾರಕ್ಕೆ ಅಥವಾ ವರ್ಷಕ್ಕೆ ‘ನಾಸ್ಲೆದುಯೀತ್ಸೀ’. ಈ ಕೊನೆಯ ಪದ ಕೊಂಚ ಪುಸ್ತಕದ ಭಾಷೆ, ‘ಅದರ ನಂತರದ’ ಎಂಬ ಹಾಗೆ. ‘ನಂತರದ ಅಧ್ಯಾಯದಲ್ಲಿ ನೋಡಿ’ ಎನ್ನುವಾಗಲೂ ಇದೇ.

ಲಾಸ್ಟ್ ಇನ್ನೂ ಅಪಾಯದ ಪದ. ಅದು ‘ಹೋದ’ ಕೂಡ ಹೌದು, ‘ಕೊನೆಯ’ ಕೂಡ ಹೌದು. ಕನ್ನಡದಲ್ಲಿ ಈ ಎರಡನ್ನೂ ಯಾರೂ ಬೆರೆಸುವುದಿಲ್ಲ. ಹೋದ ವಾರ, ಕಳೆದ ವಾರ ಒಂದು ಕಡೆ. ಕೊನೆಯ ವಾರ ಇನ್ನೊಂದು ಕಡೆ. ಚೆಕ್‌ನಲ್ಲಿ ಮೊದಲನೆಯದು ‘ಮಿನುಲೀ’. ಅದು ‘ದಾಟಿಹೋಗು’ ಎಂಬ ಕ್ರಿಯಾಪದದಿಂದ ಬಂದದ್ದು. ಎರಡನೆಯದು ‘ಪೊಸ್ಲೆದ್ನೀ’. ಟಿವಿ ಧಾರಾವಾಹಿಯ ಬಗ್ಗೆ ಬರೆಯುವಾಗ ಹಿಂದಿನ ಕಂತಿಗೆ ‘ಮಿನುಲೀ ದೀಲ್’ ಎನ್ನುವ ಬದಲು ‘ಪೊಸ್ಲೆದ್ನೀ ದೀಲ್’ ಎಂದು ಬರೆದರೆ, ಧಾರಾವಾಹಿ ಮುಗಿದೇ ಹೋಯಿತು ಎಂದು ಓದಿದವರು ತಿಳಿಯಬಹುದು.

ಒಂದು ಚಿಕ್ಕ ಪ್ಯಾರಾ ತೆಗೆದುಕೊಂಡು ನೋಡೋಣ. ಹೆಂಗಸೊಬ್ಬರು ಹೇಳುವ ಮಾತು: ‘ಹೋದ ವಾರ ಡಾಕ್ಟರ ಹತ್ತಿರ ಹೋಗಿದ್ದೆ. ಕ್ಯೂನಲ್ಲಿ ನಾನೇ ಕೊನೆಯವಳು. ಅಂತೂ ನನ್ನ ಸರದಿ ಬಂತು. ಬರುವ ವಾರ ಮತ್ತೆ ಹೋಗಬೇಕು. ನಾನು ಹೊರಗೆ ಬರುವಷ್ಟರಲ್ಲಿ ಮುಂದಿನ ರೋಗಿ ಬಾಗಿಲಲ್ಲೇ ನಿಂತಿದ್ದರು.’ ಇದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಮೂರು ಸಲ ಲಾಸ್ಟ್, ಎರಡು ಸಲ ನೆಕ್ಸ್ಟ್ ಬರುತ್ತದೆ. ಚೆಕ್‌ನಲ್ಲಿ ಐದಕ್ಕೂ ಐದು ಬೇರೆ ಪದ. ಹೋದ ವಾರ ‘ಮಿನುಲೀ ತೀದೆನ್’. ಕ್ಯೂನಲ್ಲಿ ಕೊನೆಯವಳು ‘ವೆ ಫ್ರೊನ್ತ್ಯೆ ಪೊಸ್ಲೆದ್ನೀ’. ಅಂತೂ ಅನ್ನುವುದಕ್ಕೆ ‘ಕೊನೆಚ್ನ್ಯೆ’. ಬರುವ ವಾರ ‘ಪ್ರ್ಶೀಶ್ತೀ ತೀದೆನ್’. ಮುಂದಿನ ರೋಗಿ ‘ದಲ್ಶೀ ಪತ್ಸಿಯೆನ್ತ್’. ಕನ್ನಡದ ಪ್ಯಾರಾದಲ್ಲೂ ಐದು ಬೇರೆ ಮಾತುಗಳಿವೆ, ಗಮನಿಸಿದಿರಾ? ಹೋದ, ಕೊನೆಯ, ಅಂತೂ, ಬರುವ, ಮುಂದಿನ.

‘ಲಾಸ್ಟ್ ಟೈಮ್’ ಎಂಬುದನ್ನು ಕೂಡ ಒಡೆದು ನೋಡಬೇಕು. ‘ಹೋದ ಸಲ ಇಲ್ಲಿಗೆ ನಿಲ್ಲಿಸಿದ್ದೆವು’ ಎಂದು ಮೇಷ್ಟ್ರು ಪಾಠ ಶುರು ಮಾಡಿದರೆ ‘ಮಿನುಲೆ’. ‘ಅವನನ್ನು ಕೊನೆಯ ಸಲ ನೋಡಿದ್ದು ಮೇ ತಿಂಗಳಲ್ಲಿ’ ಅಂದರೆ ‘ನಪೊಸ್ಲೆದಿ’. ಹೋದ ವರ್ಷ ಅನ್ನಲು ಚೆಕ್‌ನಲ್ಲಿ ಒಂದೇ ಪದ ಇದೆ, ‘ಲೊನಿ’. ಈ ವರ್ಷಕ್ಕೆ ‘ಲೆತೊಸ್’. ಹೋದ ವರ್ಷದ ಹಿಂದಿನ ವರ್ಷಕ್ಕೂ ಒಂದೇ ಪದ, ‘ಪ್ರ್ಶೆದ್ಲೊನಿ’. ದಿನಗಳ ವಿಷಯದಲ್ಲಂತೂ ಕನ್ನಡ ಮತ್ತು ಚೆಕ್ ಜೋಡಿ ಎತ್ತುಗಳ ಹಾಗೆ ಒಟ್ಟಿಗೆ ನಡೆಯುತ್ತವೆ. ನಿನ್ನೆ ‘ಫ್ಚೆರ’, ಮೊನ್ನೆ ‘ಪ್ರ್ಶೆದೆಫ್ಚೀರೆಮ್’, ನಾಳೆ ‘ಜ಼ೀತ್ರ’, ನಾಡಿದ್ದು ‘ಪೊಜ಼ೀತ್ರ್ಶೀ’. ಮೊನ್ನೆ, ನಾಡಿದ್ದು ಎನ್ನಲು ಇಂಗ್ಲಿಷಿಗೆ ಉದ್ದ ಸಾಲೇ ಬೇಕು. ಆ ಉದ್ದ ಸಾಲನ್ನು ಪದಕ್ಕೆ ಪದ ಇಟ್ಟು ಚೆಕ್‌ಗೆ ತರುವವರಿದ್ದಾರೆ. ಕನ್ನಡ ಬಲ್ಲವರಿಗೆ ಆ ಕಷ್ಟ ಬರಲೇಬಾರದು.

ಫಸ್ಟ್ ಪದವನ್ನು ಹೀಗೇ ಬಿಡಿಸಬಹುದು. ಮೊದಲ ಬಾಗಿಲು ‘ಪೃವ್ನೀ ದ್ವೆರ್ಝೆ’. ಮೊದಲ ಸಲ ‘ಪೊಪೃವೇ’. ‘ಮೊದಲು ನೀರು ಕಾಯಿಸಿ’ ಎನ್ನುವ ಮೊದಲು ‘ನೆಯ್ದ್ರ್ಝೀಫ್’ ಅಥವಾ ಸ್ವಲ್ಪ ಬರಹದ ಶೈಲಿಯಲ್ಲಿ ‘ನೆಯ್‌ಪೃವೆ’. ವಾದ ಮಾಡುವಾಗ ‘ಒಂದನೆಯದಾಗಿ, ಎರಡನೆಯದಾಗಿ’ ಎಂದು ಎಣಿಸಲು ‘ಜ಼ ಪೃವೇ, ಜ಼ ದ್ರುಹೇ’. ‘ಮೊದಮೊದಲು ಕಷ್ಟ ಆಯಿತು, ಆಮೇಲೆ ರೂಢಿಯಾಯಿತು’ ಎನ್ನುವ ಮೊದಮೊದಲು ‘ಜ಼್ಪೊಚಾತ್ಕು’. ಅಡುಗೆ ವಿಧಾನ ಅನುವಾದಿಸುವಾಗ ಪ್ರತಿ ಹೆಜ್ಜೆಗೂ ‘ಜ಼ ಪೃವೇ’ ಹಾಕಿದರೆ, ಸಾರು ಮಾಡುವುದು ಬಿಟ್ಟು ಕೋರ್ಟಿನಲ್ಲಿ ವಾದ ಮಾಡಿದ ಹಾಗೆ ಕೇಳುತ್ತದೆ.

ದೆನ್ ಎಂಬ ಇಂಗ್ಲಿಷ್ ಪದಕ್ಕೆ ಬರೋಣ. (ಚೆಕ್‌ನಲ್ಲಿ ದೆನ್ ಅಂದರೆ ದಿನ. ಇದು ಬೇರೆ, ಅದು ಬೇರೆ.) ಇದಕ್ಕೂ ಕನ್ನಡದಲ್ಲಿ ಮೂರು ದಾರಿ ಇದೆ. ‘ಆಮೇಲೆ’ ಆದರೆ ‘ಪಕ್’ ಅಥವಾ ‘ಪೊತೊಮ್’. ಆಡುಮಾತಿನಲ್ಲಿ ಎರಡೂ ನಡೆಯುತ್ತವೆ. ಪತ್ರಿಕೆಯ ಭಾಷೆಯಲ್ಲಿ ‘ಪೊತೇ’ ಜಾಸ್ತಿ. ‘ಆಗ’, ಅಂದರೆ ಆ ಕಾಲದಲ್ಲಿ ಎಂದಾದರೆ ‘ತೆಹ್ದಿ’. ಹಳೆಯ ನೆನಪು ತೆಗೆದು ‘ಆವಾಗೆಲ್ಲ’ ಎಂದು ಮಾತಾಡುವಾಗ ‘ತೆಂಕ್ರಾತ್’. ‘ಹಾಗಾದರೆ’ ಆದರೆ ‘ತಕ್’ ಅಥವಾ ‘ತೆದಿ’. ‘ಮಳೆ ಬಂದರೆ, ಹಾಗಾದರೆ ಮನೆಯಲ್ಲೇ ಇರೋಣ’ ಎಂಬ ಕಡೆ ‘ಪೊತೊಮ್’ ಹಾಕಿದರೆ ಮಳೆ ನಿಂತ ಮೇಲೆ ಮನೆಯಲ್ಲಿರೋಣ ಎಂದೂ ಅರ್ಥ ಬರಬಹುದು.

ಆಫ್ಟರ್ ಮತ್ತು ಬಿಫೋರ್ ಹತ್ತಿರ ಬಂದಾಗ ವಿಭಕ್ತಿಗಳು ಶುರುವಾಗುತ್ತವೆ. ಚೆಕ್‌ನಲ್ಲಿ ಏಳು ವಿಭಕ್ತಿ. ಊಟದ ಮೇಲೆ ‘ಪೊ ಒಬ್ಯೆದ್ಯೆ’, ಊಟಕ್ಕೆ ಮುಂಚೆ ‘ಪ್ರ್ಶೆದ್ ಒಬ್ಯೆದೆಮ್’. ಒಂದೇ ‘ಒಬ್ಯೆದ್’, ಅಂದರೆ ಮಧ್ಯಾಹ್ನದ ಊಟ, ಎರಡು ಕಡೆ ಎರಡು ರೂಪ. ನಮಗೆ ಇದು ಹೊಸದಲ್ಲ. ಊಟದ, ಊಟಕ್ಕೆ ಎಂದು ನಾವೂ ರೂಪ ಬದಲಿಸುತ್ತೇವೆ.

ಗಂಟೆಗಳ ಲೆಕ್ಕಕ್ಕೆ ಇಳಿದಾಗ ಜಾಸ್ತಿ ಹುಷಾರಾಗಿರಬೇಕು. ಕಚೇರಿಯಲ್ಲಿ ‘ಪ್ರ್ಶಿಯ್ದ್ಯೆತೆ ಜ಼ ಹೊದಿನು’ ಎಂದರೆ ಒಂದು ಗಂಟೆ ಬಿಟ್ಟು ಬನ್ನಿ ಅಂತ. ಈಗಿನಿಂದ ಎಣಿಸುವುದು. ಕಥೆ ಹೇಳುವಾಗ ‘ಒಂದು ಗಂಟೆ ಆದ ಮೇಲೆ ಅವಳು ಎದ್ದು ಹೋದಳು’ ಎಂದರೆ ‘ಪೊ ಹೊದಿನ್ಯೆ’. ಒಂದು ಗಂಟೆಯ ಹಿಂದೆ ‘ಪ್ರ್ಶೆದ್ ಹೊದಿನೊವ್’. ಒಂದು ಗಂಟೆಯೊಳಗೆ ‘ದೊ ಹೊದಿನಿ’. ಒಂದೇ ಒಂದು ಗಂಟೆ, ಮುಂದಿರುವ ಪುಟ್ಟ ಪದ ಬದಲಾದರೆ ನೀವು ತಲುಪುವ ಸಮಯವೇ ಬದಲು. ‘ಪ್ರ್ಶೆದ್’ ಅಂದರೆ ಜಾಗದಲ್ಲಿ ಎದುರಿಗೆ, ಕಾಲದಲ್ಲಿ ಮುಂಚೆ. ಕನ್ನಡದ ‘ಮುಂದೆ’ ಮತ್ತು ‘ಮುಂಚೆ’ ಕೂಡ ಒಂದೇ ಬೇರಿನವು. ಹಾಗಾಗಿ ಈ ಜೋಡಣೆ ನಮಗೆ ಬೇಗ ಹಿಡಿಸುತ್ತದೆ.

ಇಲ್ಲೊಂದು ಕಡೆ ಮಾತ್ರ ಕನ್ನಡ ಕೈ ಕೊಡುತ್ತದೆ. ‘ತಿಂಡಿ ತಿಂದ ಮೇಲೆ ಹೋದ’, ‘ತಿಂಡಿ ತಿಂದ ಮೇಲೆ ಹೋಗುತ್ತಾನೆ’. ಎರಡಕ್ಕೂ ನಮಗೆ ‘ತಿಂದ ಮೇಲೆ’ ಸಾಕು. ಚೆಕ್‌ನಲ್ಲಿ ಆಗಿಹೋದದ್ದಕ್ಕೆ ‘ಗ್ದಿಶ್’, ಇನ್ನೂ ಆಗಬೇಕಾದದ್ದಕ್ಕೆ ‘ಅಶ್’. ‘ನೀನು ಬಂದ ಮೇಲೆ ಫೋನ್ ಮಾಡು’ ಅನ್ನಲು ಅಶ್ ಬೇಕು, ಏಕೆಂದರೆ ಇನ್ನೂ ಬಂದಿಲ್ಲ. ಅಲ್ಲಿ ಗ್ದಿಶ್ ಹಾಕಿದರೆ ‘ನೀನು ಬಂದರೆ’ ಎಂಬ ಅನುಮಾನದ ಧ್ವನಿ ಸೇರಿಕೊಳ್ಳುತ್ತದೆ. ಇದೇ ಅಶ್ ಪದಕ್ಕೆ ಇನ್ನೊಂದು ಕೆಲಸ ಇದೆ. ‘ಅಶ್ ಜ಼ೀತ್ರ’ ಅಂದರೆ ನಾಳೆಯೇ, ಅದಕ್ಕಿಂತ ಮುಂಚೆ ಅಲ್ಲ. ‘ನಾಳೆಯವರೆಗೆ’ ಎಂದು ತಪ್ಪು ತಿಳಿಯಬೇಡಿ.

ಒಂದಾದ ಮೇಲೆ ಒಂದು ಎನ್ನುವ ಮಾತುಗಳು ಇನ್ನಷ್ಟು ಸಲೀಸು. ಒಬ್ಬರ ಹಿಂದೆ ಒಬ್ಬರು ‘ಯೆದೆನ್ ಜ಼ ದ್ರುಹೀಮ್’. ಒಬ್ಬೊಬ್ಬರಾಗಿ ‘ಪೊ ಯೆದ್ನೊಮ್’. ಸತತವಾಗಿ ಮೂರು ಸಲ ‘ತ್ರ್ಶಿಕ್ರಾತ್ ಪೊ ಸೊಬ್ಯೆ’. ನನಗೆ ತುಂಬಾ ಇಷ್ಟವಾದದ್ದು ‘ಒಬ್ದೆನ್’. ಮಾತ್ರೆಯನ್ನು ಒಬ್ದೆನ್ ತೆಗೆದುಕೊಳ್ಳಿ ಎಂದರೆ ದಿನ ಬಿಟ್ಟು ದಿನ. ಈ ‘ಒಬ್’ ಥೇಟ್ ನಮ್ಮ ‘ಬಿಟ್ಟು’ ಇದ್ದ ಹಾಗೆ. ಎರಡು ಮನೆ ಬಿಟ್ಟು ಅನ್ನಲೂ ಅದೇ ‘ಒಬ್’ ಬರುತ್ತದೆ.

ಆರ್ಡರ್ ಪದದ ಕಥೆಯೇ ಬೇರೆ, ಏಕೆಂದರೆ ಇಲ್ಲಿ ಚೆಕ್‌ನ ಒಂದು ದೊಡ್ಡ ಕುಟುಂಬವೇ ಎದುರಾಗುತ್ತದೆ. ‘ರ್ಝಾದ್’ ಅಂದರೆ ಕಟ್ಟಳೆ, ನಿಯಮದ ವ್ಯವಸ್ಥೆ. ಬಸ್ಸು ರೈಲುಗಳ ವೇಳಾಪಟ್ಟಿಗೆ ‘ಯೀಜ಼್ದ್ನೀ ರ್ಝಾದ್’ ಎನ್ನುತ್ತಾರೆ. ಸನ್ಯಾಸಿಗಳ ಪಂಥವೂ ರ್ಝಾದ್, ಚೆಕ್ ಗಣರಾಜ್ಯದ ಅತಿ ದೊಡ್ಡ ಗೌರವವಾದ ಬಿಳಿ ಸಿಂಹದ ಪದಕವೂ ರ್ಝಾದ್. ‘ರ್ಝದ’ ಅಂದರೆ ಸಾಲು. ‘ರ್ಝದ ಲಿದೀ’ ಎಂದರೆ ಬಹಳ ಜನ. ‘ನ ರ್ಝದ್ಯೆ’ ಇದ್ದೀರಿ ಎಂದರೆ ಈಗ ನಿಮ್ಮ ಸರದಿ. ‘ಪೊರ್ಝದೀ’ ಅಂದರೆ ಕ್ರಮ, ಯಾವುದು ಎಷ್ಟನೆಯದು ಎಂಬ ಲೆಕ್ಕ. ‘ಪೊರ್ಝಾದೆಕ್’ ಅಂದರೆ ಅಚ್ಚುಕಟ್ಟು. ‘ಫ್ ಪೊರ್ಝಾತ್ಕು’ ಅಂದರೆ ಎಲ್ಲ ಸರಿಯಾಗಿದೆ. ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಇಡಬೇಕಾದ ಕಡೆ ಪೊರ್ಝಾದೆಕ್ ಎಂದರೆ ತಪ್ಪು. ಅಲ್ಲಿ ಪೊರ್ಝದೀ ಬೇಕು. ಇದೇ ಬೇರಿನಿಂದ ಬರಹದ ಸಾಲಿಗೆ ‘ರ್ಝಾದೆಕ್’, ಟಿವಿ ಕಾರ್ಯಕ್ರಮಕ್ಕೆ ‘ಪೊರ್ಝತ್’, ಸರ್ಕಾರಿ ಕಚೇರಿಗೆ ‘ಊರ್ಝತ್’. ‘ಪೊರ್ಝಾತ್’ ಎಂದು ನಡುವಿನ ಸ್ವರ ಎಳೆದರೆ ಅದು ‘ಯಾವಾಗಲೂ’. ಹ್ರಸ್ವ ದೀರ್ಘ ತಪ್ಪಿದರೆ ಪದವೇ ಬೇರೆ ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಈ ಕುಟುಂಬದ ಹೊರಗೂ ಆರ್ಡರ್‌ಗೆ ಅರ್ಥಗಳಿವೆ. ಹೋಟೆಲಿನ ಆರ್ಡರ್ ‘ಒಬ್ಯೆದ್ನಾಫ್ಕ’, ಸೈನ್ಯದ ಆಜ್ಞೆ ‘ರೊಸ್ಕಸ್’, ಕೆಟ್ಟು ನಿಂತ ಲಿಫ್ಟಿನ ಮೇಲೆ ‘ಮಿಮೊ ಪ್ರೊವೊಜ಼್’. ಇನ್ನು ಕ್ಯೂ ನಿಲ್ಲುವುದಕ್ಕೆ ‘ಫ್ರೊನ್ತ’. 1989ಕ್ಕೆ ಮುಂಚಿನ ಕಮ್ಯುನಿಸ್ಟ್ ಆಡಳಿತದ ಕಾಲ ಕಂಡವರ ಬಾಯಲ್ಲಿ ಈ ಪದಕ್ಕೆ ತೂಕ ಜಾಸ್ತಿ. ಆಗ ಬಾಳೆಹಣ್ಣು ಬಂತೆಂದರೆ ಅಂಗಡಿ ಮುಂದೆ ಫ್ರೊನ್ತ. ಮನೆ ಬೇಕೆಂದರೆ ‘ಪೊರ್ಝದ್ನಿಕ್’, ಅಂದರೆ ಕಾಯುವವರ ಪಟ್ಟಿ, ಅದರಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಆ ಕಾಲದ ಕಥೆ ಅನುವಾದಿಸುವವರು ಫ್ರೊನ್ತ ಮತ್ತು ರ್ಝದ ಎರಡನ್ನೂ ಒಂದೇ ಎಂದು ತಿಳಿಯಬಾರದು. ನಿಂತ ಜನ ಫ್ರೊನ್ತ. ಬರುವ ಸರದಿ ರ್ಝದ.

ಗಣಿತದಲ್ಲಿ ಸೀಕ್ವೆನ್ಸ್, ಅಂದರೆ ಕ್ರಮವಾಗಿ ಬರುವ ಸಂಖ್ಯೆಗಳ ಸಾಲು, ‘ಪೊಸ್ಲೌಪ್ನೊಸ್ತ್’. ಸೀರೀಸ್, ಅಂದರೆ ಆ ಸಂಖ್ಯೆಗಳನ್ನು ಕೂಡಿಸುತ್ತಾ ಹೋಗುವುದು, ರ್ಝದ. ಅದಲುಬದಲು ಮಾಡಿದರೆ ಲೆಕ್ಕವೇ ಬೇರೆಯಾಗುತ್ತದೆ. ನಮ್ಮ ಹತ್ತನೇ ತರಗತಿಯ ಸಮಾಂತರ ಶ್ರೇಢಿ ಅಲ್ಲಿ ‘ಅರಿತ್ಮೆತಿತ್ಸ್ಕಾ ಪೊಸ್ಲೌಪ್ನೊಸ್ತ್’. ಸೀಕ್ವೆನ್ಸ್‌ಗಳ ಬಗ್ಗೆ ಇರುವ ಒಂದು ಮುಖ್ಯ ಪ್ರಮೇಯದಲ್ಲಿ ಗಣಿತಜ್ಞ ಬೊಲ್ಜ಼ಾನೊ ಹೆಸರಿದೆ. ಅವರು 1781ರಲ್ಲಿ ಹುಟ್ಟಿ 1848ರಲ್ಲಿ ತೀರಿಕೊಂಡದ್ದು ಪ್ರಾಗ್‌ನಲ್ಲೇ. ಡಿಎನ್‌ಎ ವಿಷಯ ಬಂದರೆ ಸುಮ್ನೆ ‘ಸೆಕ್ವೆನ್ತ್ಸೆ’. ಘಟನೆಗಳ ಸರಣಿಗೆ ‘ಸ್ಲೆದ್’.

ಇನ್ನು ಒಂದನೆಯ, ಎರಡನೆಯ ಎಂಬ ಸಂಖ್ಯೆಗಳು. ಚೆಕ್ ಬರಹದಲ್ಲಿ ಅಂಕಿಯ ಪಕ್ಕ ಒಂದು ಚುಕ್ಕೆ ಇಟ್ಟರೆ ನಮ್ಮ ‘ನೇ’ ಸೇರಿಸಿದ ಹಾಗೆ. ‘2. ದೀಲ್’ ಎರಡನೇ ಕಂತು, ‘2 ದೀಲಿ’ ಎರಡು ಕಂತುಗಳು. ಚುಕ್ಕೆಯೊಂದು ಬಿಟ್ಟುಹೋದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ. ರಾಜರ ಹೆಸರಿಗೂ ಹೀಗೇ. 1348ರಲ್ಲಿ ಪ್ರಾಗ್ ವಿಶ್ವವಿದ್ಯಾಲಯ ಸ್ಥಾಪಿಸಿದ ದೊರೆ ‘ಕರೆಲ್ ಚ್ತ್ವೃತೀ’, ಬರೆಯುವಾಗ ರೋಮನ್ ನಾಲ್ಕು, ಪಕ್ಕದಲ್ಲಿ ಚುಕ್ಕೆ. ನಾವು ಇಮ್ಮಡಿ ಪುಲಕೇಶಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದು ಸಂಖ್ಯೆಯನ್ನು ಮುಂದಿಡುತ್ತೇವೆ. ಅವರು ಹಿಂದಿಡುತ್ತಾರೆ.

ಆ ಚುಕ್ಕೆಯನ್ನು ಬಾಯಲ್ಲಿ ಓದುವಾಗ ಕಷ್ಟ ತಿಳಿಯುತ್ತದೆ. ಕನ್ನಡದಲ್ಲಿ ಇಪ್ಪತ್ತೆಂಟು ಎಂದು ಹೇಳಿ ಕೊನೆಗೊಂದು ‘ನೇ’ ಸೇರಿಸಿದರೆ ಮುಗಿಯಿತು. ಚೆಕ್‌ನಲ್ಲಿ ‘ಇಪ್ಪತ್ತನೆಯ ಎಂಟನೆಯ’ ಎಂದು ಎರಡೂ ಭಾಗಕ್ಕೆ ‘ನೆಯ’ ಬರಬೇಕು, ಎರಡೂ ವಿಭಕ್ತಿಗೆ ತಕ್ಕಂತೆ ಬದಲಾಗಬೇಕು. 1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯ ಹುಟ್ಟಿತು. ಆ ತಾರೀಖನ್ನೇ ಹೆಸರಾಗಿ ಇಟ್ಟುಕೊಂಡ ಬೀದಿ ಪ್ರಾಗ್‌ನ ನಡುವೆ ಇದೆ. ಫಲಕದಲ್ಲಿ ‘28. ರ್ಝೀಯ್ನ’ ಎಂದು ಪುಟ್ಟದಾಗಿ ಇರುತ್ತದೆ. ಓದುವುದು ‘ದ್ವತ್ಸಾತೇಹೊ ಒಸ್ಮೇಹೊ ರ್ಝೀಯ್ನ’. ಅಂದರೆ ‘ಅಕ್ಟೋಬರಿನ ಇಪ್ಪತ್ತನೆಯ ಎಂಟನೆಯ ದಿನದಂದು’ ಎಂಬಂತೆ. ತಾರೀಖು ಹೇಳಲು ಷಷ್ಠಿ ರೂಪವೇ ಬೇಕು. ದಾರಿ ಕೇಳುವ ಮುಂಚೆ ಇದನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಗಡಿಯಾರದಲ್ಲೂ ಈ ‘ನೆಯ’ ನುಸುಳುತ್ತದೆ. ಒಂದೂವರೆ ಗಂಟೆಗೆ ಅವರು ‘ಪೂಲ್ ದ್ರುಹೇ’ ಎನ್ನುತ್ತಾರೆ. ಎರಡನೆಯ ಗಂಟೆಯ ಅರ್ಧ ಅಂತ. ಎರಡು ಎಂಬ ಸದ್ದು ಕೇಳಿ ಎರಡೂವರೆಗೆ ಹೋದರೆ ಒಂದು ಗಂಟೆ ತಡ. ಒಂದೂಕಾಲು ‘ಚ್ತ್ವೃತ್ ನ ದ್ವ್ಯೆ’, ಎರಡರ ಕಡೆಗೆ ಕಾಲು ನಡೆದಿದೆ ಎಂಬ ಭಾವ. ಒಂದೂಮುಕ್ಕಾಲಿಗೆ ಎರಡರ ಕಡೆಗೆ ಮುಕ್ಕಾಲು. ನಾವು ಆದ ಗಂಟೆಯಿಂದ ಎಣಿಸುತ್ತೇವೆ. ಅವರು ಬರುವ ಗಂಟೆಯಿಂದ.

ವಾರದ ದಿನಗಳ ಹೆಸರಲ್ಲೂ ಎಣಿಕೆ ಇದೆ. ಸೋಮವಾರ ‘ಪೊಂದ್ಯೆಲೀ’, ಅಂದರೆ ಭಾನುವಾರ ಆದ ಮೇಲಿನದು. ಇದರ ಮೊದಲಲ್ಲಿರುವುದು ಊಟದ ಮೇಲೆ ಅನ್ನುವಾಗ ಬಂದ ಅದೇ ‘ಪೊ’. ಮಂಗಳವಾರ ‘ಊತೆರೀ’, ಎರಡನೆಯದು ಎಂಬ ಅರ್ಥದ ಹಳೆಯ ಸ್ಲಾವಿಕ್ ಪದದಿಂದ ಬಂದದ್ದು. ಗುರುವಾರ ‘ಚ್ತ್ವೃತೆಕ್’ ನಾಲ್ಕನೆಯದು, ಶುಕ್ರವಾರ ‘ಪಾತೆಕ್’ ಐದನೆಯದು. ಹಾಗಾಗಿ ಚೆಕ್ ಕ್ಯಾಲೆಂಡರಿನ ಮೊದಲ ಕಾಲಂ ಸೋಮವಾರವೇ ಆಗಿರಬೇಕು. ಭಾನುವಾರದಿಂದ ಶುರುವಾದರೆ ಐದನೆಯದು ಎಂಬ ಹೆಸರಿನ ಶುಕ್ರವಾರ ಆರನೇ ಕಾಲಂಗೆ ಹೋಗಿ ಕೂರುತ್ತದೆ.

ಸಾಫ್ಟ್‌ವೇರ್ ಅನುವಾದ ಮಾಡುವವರಿಗೆ ಎರಡು ಮಾತು. ಚೆಕ್‌ನಲ್ಲಿ ವಿಶೇಷಣಗಳು ಲಿಂಗಕ್ಕೆ ತಕ್ಕಂತೆ ಬದಲಾಗುತ್ತವೆ. ದ್ರುಹೀ, ದ್ರುಹಾ, ದ್ರುಹೇ ಎಂದು ಮೂರು ರೂಪ. ಅದೃಷ್ಟಕ್ಕೆ ದಲ್ಶೀ, ಪ್ರ್ಶೀಶ್ತೀ, ಪೊಸ್ಲೆದ್ನೀ, ಪೃವ್ನೀ, ಹಿಂದಿನದು ಎಂಬ ಅರ್ಥದ ‘ಪ್ರ್ಶೆತ್ಖೊಜ಼ೀ’, ಇವೆಲ್ಲ ಏಕವಚನದ ಪ್ರಥಮಾ ವಿಭಕ್ತಿಯಲ್ಲಿ ಮೂರು ಲಿಂಗಕ್ಕೂ ಹಾಗೇ ಇರುತ್ತವೆ. ಗುಂಡಿಯ ಮೇಲೆ ಬರೆಯಲು ಇದರಿಂದ ಎಷ್ಟೋ ಅನುಕೂಲ. ಇನ್ನೊಂದು ಅಕ್ಷರ ಕ್ರಮದ್ದು. ಇಂಗ್ಲಿಷಿನ ಸಿ ಮತ್ತು ಎಚ್ ಸೇರಿದ ಜೋಡಿ ಚೆಕ್‌ನಲ್ಲಿ ಒಂದೇ ಅಕ್ಷರ, ಜಾಗ ಎಚ್ ಆದ ಮೇಲೆ. ಪದಬಂಧದಲ್ಲೂ ಅದಕ್ಕೆ ಒಂದೇ ಚೌಕ. ಆದ್ದರಿಂದ ದೇಶಗಳ ಪಟ್ಟಿಯಲ್ಲಿ ಕ್ರೊಯೇಷಿಯ, ಅಂದರೆ ‘ಖೊರ್ವತ್ಸ್ಕೊ’, ಹೊಂಡುರಾಸ್ ಆದ ಮೇಲೆ, ಇಂಡಿಯಾಕ್ಕೆ ಸ್ವಲ್ಪ ಮುಂಚೆ ಬರುತ್ತದೆ. ತಲೆಯ ಮೇಲೆ ಟೊಪ್ಪಿಗೆಯಂಥ ಗುರುತು ಇರುವ ಸಿ (ಉಚ್ಚಾರ ‘ಚ’), ಟೊಪ್ಪಿಗೆ ಇಲ್ಲದ ಸಿಯ ನಂತರದ ಬೇರೆ ಅಕ್ಷರ. ಕಂಪ್ಯೂಟರ್‌ಗೆ ಚೆಕ್ ಕ್ರಮ ಎಂದು ಹೇಳದೆ ಬರೀ ಯೂನಿಕೋಡ್ ಸಂಖ್ಯೆ, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆ, ನೋಡಿ ಜೋಡಿಸು ಎಂದರೆ, ‘ಚೆಸ್ಕೊ’ ಎಂಬ ಅವರ ದೇಶದ ಹೆಸರೇ ಜಿಂಬಾಬ್ವೆ ದಾಟಿ ಕೆಳಗೆ ಹೋಗಿ ಬೀಳುತ್ತದೆ.

ಇಷ್ಟು ಹೊತ್ತು ಹೇಳಿದ್ದು ಪದಗಳ ಬಗ್ಗೆ. ಆದರೆ ಚೆಕ್‌ನಲ್ಲಿ ಕ್ರಮವನ್ನು ಹೇಳುವ ಕೆಲಸವನ್ನು ಎಷ್ಟೋ ಸಲ ಕ್ರಿಯಾಪದವೇ ಮಾಡಿಬಿಡುತ್ತದೆ. ಬಹುಪಾಲು ಕ್ರಿಯಾಪದಗಳಿಗೆ ಜೋಡಿ ಇದೆ. ಒಂದು ನಡೆಯುತ್ತಿರುವ ಕೆಲಸಕ್ಕೆ, ಇನ್ನೊಂದು ಮುಗಿದ ಕೆಲಸಕ್ಕೆ. ‘ಸ್ನೀದಲ್ ಅ ಚೆತ್ಲ್ ನೊವಿನಿ’ ಅಂದರೆ ತಿಂಡಿ ತಿನ್ನುತ್ತಾ ಪೇಪರ್ ಓದುತ್ತಿದ್ದ. ‘ನಸ್ನೀದಲ್ ಸೆ ಅ ಪ್ರ್ಶೆಚೆತ್ಲ್ ಸಿ ನೊವಿನಿ’ ಅಂದರೆ ತಿಂಡಿ ತಿಂದು ಪೇಪರ್ ಓದಿದ. ಎರಡು ವಾಕ್ಯದಲ್ಲೂ ‘ಅ’ ಎಂಬ ‘ಮತ್ತು’ ಮಾತ್ರ ಇದೆ. ಆಮೇಲೆ ಎಂಬ ಪದ ಎಲ್ಲೂ ಇಲ್ಲ. ಆದರೂ ಎರಡನೆಯದರಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಸ್ಪಷ್ಟವಾಗಿ ಗೊತ್ತಾಗುತ್ತದೆ.

‘ತಿನ್ನುತ್ತಾ’ ಮತ್ತು ‘ತಿಂದು’. ಕನ್ನಡದಲ್ಲಿ ನಾವು ಇದನ್ನೇ ತಾನೇ ಮಾಡುವುದು? ‘ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ ಹಿಡಿದ’ ಎಂಬ ಸಾಲಿನಲ್ಲಿ ಆಮೇಲೆ ಆಮೇಲೆ ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನಿಂದ ಚೆಕ್‌ಗೆ ತರುವವರು ಪ್ರತಿ ದೆನ್‌ಗೂ ಒಂದು ಪಕ್ ಹಾಕಿ ವಾಕ್ಯವನ್ನು ಭಾರ ಮಾಡುತ್ತಾರೆ. ಕನ್ನಡದ ಕಿವಿ ಇಟ್ಟುಕೊಂಡರೆ ಅದರಲ್ಲಿ ಅರ್ಧ ತಾನಾಗಿ ಉದುರಿಹೋಗುತ್ತವೆ.

ನಮ್ಮ ‘ತೆರೆದು’, ‘ನೋಡಿ’ ರೂಪಗಳಿಗೆ ಸಾಟಿಯಾದ ಒಂದು ರೂಪ ಚೆಕ್‌ನಲ್ಲೂ ಇದೆ, ಹೆಸರು ‘ಪ್ರ್ಶೆಖೊದ್ನಿಕ್’. ಬಾಗಿಲು ತೆರೆದು ಒಳಗೆ ಬಂದ ಎನ್ನಲು ಗಂಡಸಾದರೆ ‘ಒತೆವ್ರ್ಝೆಫ್ ದ್ವೆರ್ಝೆ, ವೆಶೆಲ್’, ಹೆಂಗಸಾದರೆ ‘ಒತೆವ್ರ್ಝೆಫ್ಶಿ ದ್ವೆರ್ಝೆ, ವೆಶ್ಲ’. ಕನ್ನಡಿಗರಿಗೆ ಇದು ತುಂಬಾ ಹತ್ತಿರದ್ದು ಎನಿಸಿ ಎಲ್ಲ ಕಡೆ ಬಳಸುವ ಆಸೆ ಬರಬಹುದು. ಈಗಿನ ಚೆಕ್‌ನಲ್ಲಿ ಇದು ಹಳೆಯ ಪುಸ್ತಕಗಳ ಭಾಷೆ. ಹಳೆಯ ಕಾಲದ ಪಾತ್ರ ಮಾತಾಡುವ ಕಡೆ ಇಡಿ. ಇಮೇಲ್, ಸುದ್ದಿ, ಸೂಚನೆ ಬರೆಯುವಾಗ ಮುಗಿದ ಕೆಲಸದ ಕ್ರಿಯಾಪದ ಎರಡನ್ನು ‘ಅ’ ಹಾಕಿ ಜೋಡಿಸಿದರೆ ಸಾಕು.